ಹುಣಸೆಹಣ್ಣಿನಲ್ಲಿ ತೊಳೆದ ಕನ್ನಡಿ

ತಿ. ನರಸೀಪುರ
೮ ನವೆಂಬರ್ ೨೦೨೫, ಶನಿವಾರ

ಅರ್ಪಿತಾ,

ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಆ ಗೀಚು ನಿನ್ನ ಕಣ್ಣಿಗೆ ಬೀಳಲಿ ಎಂದೇ ಇದರಲ್ಲೇ ಮುಂದುವರಿಸಿದ್ದೇನೆ.

ಇಲ್ಲಿ ನಾನೂ ಜಗನ್ನೂ ಆರೋಗ್ಯವಾಗಿದ್ದೇವೆ. ನಂಜನಗೂಡಿನಲ್ಲಿ ನೀನು, ಅಮೃತೇಶ್, ನಿಮ್ಮ ಅತ್ತೆ, ಮಗಳು ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪುಸ್ತಕದ ಕರಡು ಸೆಪ್ಟೆಂಬರ್ ಮೊದಲ ವಾರವೇ ಕೊರಿಯರ್‌ನಲ್ಲಿ ಬಂತು. ಎರಡು ತಿಂಗಳು ಉತ್ತರ ಕೊಡದೆ ಕೂತದ್ದಕ್ಕೆ ಕ್ಷಮೆ ಕೇಳುವುದು ಮರ್ಯಾದೆ. ದಸರಾ ರಜೆಯೆಲ್ಲ ಜಾತಿ ಸಮೀಕ್ಷೆಗೆ ಹೋಯಿತು ಎಂದು ನೆಪ ಹೇಳಬಹುದು, ಅದು ಸುಳ್ಳೂ ಅಲ್ಲ. ನೂರಾರು ಮನೆಯ ಬಾಗಿಲಲ್ಲಿ ನಿಂತು, ನಿಮ್ಮ ಜಾತಿ ಯಾವುದು ಎಂದು ಕೇಳಿ ಬಂದೆ. ಕೆಲವರು ಒಳಗೆ ಕರೆದು ಕುರ್ಚಿ ಹಾಕಿದರು, ಕೆಲವರು ನನ್ನ ಜಾತಿಯನ್ನೇ ಮೊದಲು ಕೇಳಿದರು. ಆದರೂ ನಿನಗೆ ಬರೆಯಲು ಒಂದು ಭಾನುವಾರ ಬಿಡುವಾಗುತ್ತಿರಲಿಲ್ಲವೇ? ಆಗುತ್ತಿತ್ತು. ಸಿಟ್ಟು ಸ್ವಲ್ಪ ಇಳಿಯಲಿ ಎಂದು ಕಾದೆ. ಅದು ಇಳಿಯಲಿಲ್ಲ, ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

“ಮುನ್ನುಡಿ ಆಯ್ತೇನೇ?” ಎಂದು ನೀನು ವಾಟ್ಸಾಪಿನಲ್ಲಿ ಏಳು ಸಲ ಕೇಳಿದೆ. ಏಳನೆಯ ಸಲ ಕೈಮುಗಿದ ಬೊಂಬೆ ಬೇರೆ. ಉತ್ತರ ಇದು: ನಾನು ಮುನ್ನುಡಿ ಬರೆಯುವುದಿಲ್ಲ. ಯಾಕೆ ಎಂಬುದು ನಿನ್ನ ಆರನೆಯ ಅಧ್ಯಾಯದಲ್ಲಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ. ಇದನ್ನು ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ಸಮಾಧಾನ ಮಾಡಬೇಕಾಗುತ್ತದೆ. ಹನ್ನೆರಡು ವರ್ಷದಿಂದ ನಮ್ಮಿಬ್ಬರ ಪದ್ಧತಿಯೇ ಅದು. ಕಾಗದದ ಮುಂದೆ ನೀನು ಎಷ್ಟು ಬೇಕಾದರೂ ಅತ್ತುಕೋ.

ಮೊದಲು ವಿಜ್ಞಾನ ಮುಗಿಸುತ್ತೇನೆ. ಮಕ್ಕಳು ಓದುವ ಪುಸ್ತಕ, ನನ್ನ ಸಿಟ್ಟಿಗೆ ಅವರು ತಪ್ಪು ಕಲಿಯಬಾರದು. ಕೆಂಪು ಪೆನ್ನಿನಲ್ಲಿ ತಿದ್ದಿದ್ದೇನೆ, ದೊಡ್ಡ ತಪ್ಪುಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಹನ್ನೊಂದನೆಯ ಪುಟದಲ್ಲಿ ‘ಗ್ರಹೀಯ ನೀಹಾರಿಕೆ ಎಂದರೆ ಗ್ರಹಗಳು ಹುಟ್ಟುವ ಜಾಗ’ ಎಂದು ಬರೆದಿದ್ದೀಯ. ಗ್ರಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನೂರು ವರ್ಷಕ್ಕೂ ಹಿಂದೆ ಸಣ್ಣ ದೂರದರ್ಶಕದಲ್ಲಿ ನೋಡಿದವರಿಗೆ ಅದು ಗ್ರಹದ ಹಾಗೆ ದುಂಡಗೆ ಕಂಡಿತು, ಆ ಹೆಸರಿಟ್ಟರು. ತಪ್ಪೆಂದು ಗೊತ್ತಾದ ಮೇಲೂ ಹೆಸರು ಹೋಗಲಿಲ್ಲ. ಅದು ಸಾಯುತ್ತಿರುವ ನಕ್ಷತ್ರ ಬಿಟ್ಟ ಉಸಿರು, ಅಷ್ಟೆ. ಮೈಸೂರಿನ ತರಬೇತಿಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಇದನ್ನು ಕೇಳಿದ್ದೆವು. ನೀನು ಟಿಪ್ಪಣಿ ಬರೆದುಕೊಳ್ಳದೆ ನನ್ನದನ್ನು ನೋಡಿ ಬರೆದುಕೊಂಡೆ.

ಹದಿನಾಲ್ಕನೆಯ ಪುಟ. ಸೂರ್ಯನಂಥ ನಕ್ಷತ್ರ ‘ಡಮಾರ್ ಎಂದು ಸಿಡಿದು’ ಸಾಯುವುದಿಲ್ಲ. ಸಿಡಿಯುವುದು ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ನಕ್ಷತ್ರಗಳು. ನಮ್ಮ ಸೂರ್ಯನ ಜಾತಿಯವು ಮುಪ್ಪಿನಲ್ಲಿ ಉಬ್ಬಿ, ಕೆಂಪಾಗಿ, ಮೈಮೇಲಿನ ಪದರಗಳನ್ನು ಸಾವಿರಾರು ವರ್ಷ ನಿಧಾನವಾಗಿ ಊದಿ ಕಳೆದುಕೊಳ್ಳುತ್ತವೆ. ಕೊನೆಗೆ ನಮ್ಮ ಭೂಮಿಯಷ್ಟು ಗಾತ್ರದ, ವಿಪರೀತ ಬಿಸಿಯಾದ ತಿರುಳು ಉಳಿಯುತ್ತದೆ. ಆ ತಿರುಳಿನ ನೇರಳಾತೀತ ಕಿರಣ ತಾಗಿ, ಅದು ತಾನೇ ಬಿಟ್ಟ ಅನಿಲ ಹೊಳೆಯತೊಡಗುತ್ತದೆ. ಒಂದಿಪ್ಪತ್ತು ಸಾವಿರ ವರ್ಷದಲ್ಲಿ ಅನಿಲ ಚದುರಿ ಆ ಬೆಳಕೂ ಹೋಗುತ್ತದೆ. ಮಕ್ಕಳಿಗೆ ಡಮಾರ್ ಇಷ್ಟ ಎಂದು ಇಲ್ಲದ ಡಮಾರ್ ತರಬೇಡ.

ಮುಖಪುಟ. ಕೆಂಪು, ನೀಲಿ, ಹಸಿರು ತುಂಬಿದ ಚಿತ್ರವನ್ನು ನಾವಿಬ್ಬರೂ ಸೇರಿ ಮಾಡಿದ ದೂರದರ್ಶಕದ ಫೋಟೋ ಪಕ್ಕದಲ್ಲಿ ಹಾಕಿದ್ದೀಯ. ಆ ಬಣ್ಣದ ಚಿತ್ರ ಆಕಾಶದಲ್ಲಿ ಸುತ್ತುವ ದೊಡ್ಡ ದೂರದರ್ಶಕ ತೆಗೆದದ್ದು. ಆರಿಂಚಿನ ಕನ್ನಡಿಯಲ್ಲಿ ಉಂಗುರ ನೀಹಾರಿಕೆ ಬೂದಿ ಬಣ್ಣದ ಹೊಗೆಯ ಸುರುಳಿಯಾಗಿ ಕಾಣುತ್ತದೆ, ಅದೂ ಕನ್ನಡಿ ಚೆನ್ನಾಗಿದ್ದರೆ. ಮಗುವೊಂದು ನಿನ್ನ ಮುಖಪುಟ ನೋಡಿ ಬಂದು ದೂರದರ್ಶಕಕ್ಕೆ ಕಣ್ಣಿಟ್ಟರೆ ಮೋಸಹೋಗುತ್ತದೆ.

ಇಪ್ಪತ್ಮೂರನೆಯ ಪುಟವನ್ನು ಪೂರ್ತಿ ಹೊಡೆದಿದ್ದೇನೆ. ‘ನಮ್ಮ ಸೂರ್ಯನೂ ಒಂದು ದಿನ ಚಿಟ್ಟೆಯಾಗಿ ರೆಕ್ಕೆ ಬಿಚ್ಚುತ್ತಾನೆ’ ಎಂದು ಎಷ್ಟು ಚೆನ್ನಾಗಿ ಬರೆದುಬಿಟ್ಟಿದ್ದೀಯ! ಸೂರ್ಯನ ಹಾಗೆ ಒಂಟಿಯಾದ ನಕ್ಷತ್ರ ಊದಿದರೆ ಅನಿಲ ಸುಮಾರಾಗಿ ದುಂಡಗೇ ಹರಡಬೇಕು. ಚಿಟ್ಟೆ, ಡಮರು, ಬೆಕ್ಕಿನ ಕಣ್ಣು, ಈ ವಿಚಿತ್ರ ಆಕಾರಗಳೆಲ್ಲ ಬರುವುದು ಸಾಯುವ ನಕ್ಷತ್ರದ ಪಕ್ಕದಲ್ಲೇ ಇನ್ನೊಂದು ನಕ್ಷತ್ರ ಸುತ್ತುತ್ತಿದ್ದರೆ ಎಂಬುದು ಈಗ ಬಹುತೇಕ ವಿಜ್ಞಾನಿಗಳ ಮಾತು. ಆ ಜೊತೆಯದು ಅನಿಲವನ್ನು ಎಳೆದು, ನಡುವಿನಲ್ಲಿ ಪಟ್ಟಿ ಬಿಗಿದ ಹಾಗೆ ಮಾಡುತ್ತದೆ. ಉಳಿದದ್ದು ಮೇಲಕ್ಕೂ ಕೆಳಕ್ಕೂ ನುಗ್ಗಿ ರೆಕ್ಕೆಯಾಗುತ್ತದೆ. ದೂರದಿಂದ ನೋಡುವವರಿಗೆ ರೆಕ್ಕೆ ಮಾತ್ರ ಕಾಣುತ್ತದೆ. ಜೊತೆಯ ನಕ್ಷತ್ರದ ಬಗ್ಗೆ ನಿನ್ನ ಇಡೀ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ ಅರ್ಪಿತಾ. ಇದನ್ನು ನಿನ್ನನ್ನು ಚುಚ್ಚುವುದಕ್ಕೆಂದು ಬರೆಯುತ್ತಿಲ್ಲ, ಚುಚ್ಚಿದರೆ ಬೇಸರವೂ ಇಲ್ಲ.

ಈಗ ಆರನೆಯ ಅಧ್ಯಾಯಕ್ಕೆ ಬರುತ್ತೇನೆ.

‘ನಮ್ಮ ಮನೆಯ ಹಿತ್ತಲಿನಲ್ಲಿ, ನರಸೀಪುರದ ಸಹೋದ್ಯೋಗಿಯೊಬ್ಬರ ನೆರವಿನಿಂದ, ನಾನೊಂದು ದೂರದರ್ಶಕದ ಕನ್ನಡಿ ತಯಾರಿಸಿದೆ.’ ಸಹೋದ್ಯೋಗಿಯೊಬ್ಬರು! ಎಂಟು ತಿಂಗಳು, ಪ್ರತಿ ಶನಿವಾರ, ಮಧ್ಯಾಹ್ನದ ಬಸ್ಸಿಗೆ ನರಸೀಪುರದಿಂದ ಬಂದು ಸಂಜೆ ಐದೂವರೆಯ ಬಸ್ಸಿಗೆ ವಾಪಸು ಹೋಗುತ್ತಿದ್ದವಳಿಗೆ ಹೆಸರಿಲ್ಲ. ಅದೇ ಸಹೋದ್ಯೋಗಿ ಮುನ್ನುಡಿ ಬರೆದರೆ ಮಾತ್ರ ಅಲ್ಲಿ ಹೆಸರು ಬೇಕು, ಅಲ್ಲವೇ?

ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಎಲ್ಲ ನೆನಪಿದೆ. ನಿಮ್ಮ ಹಿತ್ತಲಿನ ಸೀಬೆ ಮರದ ಕೆಳಗೆ ನೀಲಿ ಡ್ರಮ್ಮಿಗೆ ಮರಳು ತುಂಬಿ ನಿಲ್ಲಿಸಿದ್ದೆವು. ಅದರ ಮೇಲೆ ಒಂದು ದಪ್ಪ ಗಾಜಿನ ಬಿಲ್ಲೆ, ಅದರ ಮೇಲೆ ಇನ್ನೊಂದು, ನಡುವೆ ಉಜ್ಜುವ ಪುಡಿ ಮತ್ತು ನೀರು. ನಾನು ಮೇಲಿನದನ್ನು ಹಿಂದೆಮುಂದೆ ತಳ್ಳುತ್ತ ಡ್ರಮ್ಮಿನ ಸುತ್ತ ಹೆಜ್ಜೆ ಹಾಕುತ್ತಿದ್ದೆ. ನೀನು ಎಣಿಸುತ್ತ, ಸಣ್ಣ ತಂಬಿಗೆಯಿಂದ ಹನಿಹನಿಯಾಗಿ ನೀರು ಬಿಡುತ್ತಿದ್ದೆ. ಹೆಚ್ಚಾದರೆ ಪುಡಿ ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ಗಾಜು ಕಚ್ಚಿಕೊಳ್ಳುತ್ತದೆ. ನಿನ್ನ ಕೈ ಒಂದು ದಿನವೂ ತಪ್ಪಲಿಲ್ಲ. ಅಷ್ಟು ಹದವಾಗಿ ನೀರು ಹೊಯ್ಯುವವರನ್ನು ನಾನು ಬೇರೆ ನೋಡಿಲ್ಲ, ಅದನ್ನು ಈ ಸಿಟ್ಟಿನಲ್ಲೂ ಒಪ್ಪುತ್ತೇನೆ. ಹಾಗೆ ಉಜ್ಜುತ್ತ ಹೋದರೆ ಮೇಲಿನ ಗಾಜು ಕುಳಿಬಿದ್ದು ಕನ್ನಡಿಯಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಉಬ್ಬಿದ್ದು ಯಾವುದಕ್ಕೂ ಬರುವುದಿಲ್ಲ. ಅದನ್ನು ನಾನು ತಂದಿಟ್ಟುಕೊಂಡೆ, ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲೆ ಈಗಲೂ ಅದೇ ಇರುತ್ತದೆ.

ಎಂಟು ತಿಂಗಳಲ್ಲಿ ಒಂದು ಸಲವೂ ನಾನು ನಿಮ್ಮ ಮನೆಯೊಳಗೆ ಬರಲಿಲ್ಲ. ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ. “ಹೊರಗೇ ಇರೋಣ ಕಣೆ, ಪುಡಿ ಒಳಗೆ ಬಂದ್ರೆ ಅತ್ತೆ ಬಯ್ತಾರೆ” ಎನ್ನುತ್ತಿದ್ದೆ ನೀನು. ನಿಜವೇ, ಅದು ಎಲ್ಲೆಂದರಲ್ಲಿ ಅಂಟುವ ಪುಡಿ. ಕಾಫಿ ಪೇಪರ್ ಕಪ್ಪಿನಲ್ಲಿ ಬರುತ್ತಿತ್ತು. “ಕೈಯೆಲ್ಲ ಪುಡಿ, ಕುಡಿದು ಬಿಸಾಕಿಬಿಡೋಣ” ಎನ್ನುತ್ತಿದ್ದೆ. ನೀನೂ ಅದೇ ಕಪ್ಪಿನಲ್ಲಿ ಕುಡಿಯುತ್ತಿದ್ದುದರಿಂದ ನನಗೆ ಏನೂ ಅನ್ನಿಸಲಿಲ್ಲ. ನಾನು ಹೆಮ್ಮಿಗೆಯ ದಲಿತ ಕೇರಿಯಲ್ಲಿ ಹುಟ್ಟಿ ಬೆಳೆದವಳು, ಇಂಥದ್ದನ್ನು ಮೂಸಿ ನೋಡಿಯೇ ಹೇಳಬಲ್ಲೆ ಎಂದು ಜಂಬ ಪಡುತ್ತಿದ್ದವಳು. ನಿನ್ನ ವಿಷಯದಲ್ಲಿ ಮೂಸಿ ನೋಡಲಿಲ್ಲ.

ಆಮೇಲೆ ೨೦೧೩ರ ಸೆಪ್ಟೆಂಬರ್ ೨೧, ಶನಿವಾರ. ತಾರೀಖು ನನ್ನ ಡೈರಿಯಲ್ಲಿದೆ. ಬೆಂಗಳೂರಿನಲ್ಲಿ ಅಲ್ಯೂಮಿನಿಯಂ ಲೇಪನ ಮಾಡಿಸಿದ ಕನ್ನಡಿಯನ್ನು ಟವಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಆ ದಿನ ಖುಷಿಗೆ ಓಣಿ ಮರೆತುಹೋಯಿತು. ಮುಂಬಾಗಿಲಿನಿಂದಲೇ ನುಗ್ಗಿ, ಹಜಾರ ದಾಟಿ, ದೇವರ ಮನೆಯ ಎದುರಿನ ಮಣೆಯ ಮೇಲೆ ಕನ್ನಡಿ ಇಟ್ಟು, “ನೋಡಿ ಅಮ್ಮಾ, ನಿಮ್ಮ ಸೊಸೆ ಮಾಡಿದ್ದು” ಎಂದು ನಿಮ್ಮ ಅತ್ತೆ ಗುರುಬಸಮ್ಮನವರಿಗೆ ತೋರಿಸಿದೆ. ‘ನಾವು’ ಎನ್ನದೆ ನಿನ್ನ ಹೆಸರನ್ನೇ ಹೇಳಿದೆ ನೋಡು. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಐದೂವರೆಯ ಬಸ್ಸಿಗೆ ನಾನು ಹೊರಟೆ, ಕನ್ನಡಿ ಅಲ್ಲೇ ಉಳಿಯಿತು.

ಮುಂದಿನ ಮೂರು ಶನಿವಾರ ನನಗೆ ಬರಬೇಡ ಎಂದೆ. ಒಮ್ಮೆ ಮಗಳಿಗೆ ಜ್ವರ, ಒಮ್ಮೆ ನೆಂಟರು, ಒಮ್ಮೆ ಹಬ್ಬದ ಕೆಲಸ. ಆಯುಧಪೂಜೆ ಕಳೆದ ಮಾರನೆಯ ದಿನ ನೀನೇ ಫೋನ್ ಮಾಡಿದೆ, ಅಳುತ್ತ ನಗುತ್ತ. “ಅತ್ತೆ ಏನ್ ಮಾಡ್ಬಿಟ್ರು ಗೊತ್ತಾ? ಮಚ್ಚು, ಕುಡುಗೋಲು, ಅಮೃತೇಶ್ ಬೈಕು ಎಲ್ಲಾ ತೊಳೆದು ಪೂಜೆಗಿಟ್ರಲ್ಲ, ಇದೂ ಒಂದು ಆಯುಧ ಅಂತ ನಮ್ಮ ಕನ್ನಡೀನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಮೇಲೆ ಮೂರು ಪಟ್ಟೆ ವಿಭೂತಿ ಬಳಿದುಬಿಟ್ಟಿದ್ದಾರೆ ಕಣೆ!”

ಬೆರಳಿನ ತುದಿ ಸೋಕಿಸಬಾರದ ಕನ್ನಡಿ ಅದು. ನಾನು ಒಂದು ದಿನವಿಡೀ ಅಳುತ್ತ ಕೂತೆ, ಆಮೇಲೆ ನಕ್ಕೆ. ಪಾಪ, ದೊಡ್ಡವರು, ಭಕ್ತಿಯಿಂದ ಮಾಡಿದ್ದು, ಬಯ್ಯಬೇಡ ಎಂದು ನಿನಗೇ ಬುದ್ಧಿ ಹೇಳಿದೆ. ಲೇಪನವನ್ನು ಮತ್ತೆ ಮಾಡಿಸಬಹುದಿತ್ತು, ಮಾಡಿಸಿದೆವು ಕೂಡ. ಬೂದಿಯ ಹರಳು ಗಾಜನ್ನೇ ಗೀರಿತ್ತಲ್ಲ, ಅದಕ್ಕೆ ಮದ್ದಿರಲಿಲ್ಲ. ಆ ನವೆಂಬರಿನ ಸಂಜೆ ನಮ್ಮ ಶಾಲೆಯ ತಾರಸಿಯಲ್ಲಿ ಮಕ್ಕಳಿಗೆ ತೋರಿಸಿದಾಗ ಅಭಿಜಿತ್ ನಕ್ಷತ್ರಕ್ಕೆ ಎರಡು ಕಡೆಯೂ ಉದ್ದನೆಯ ಬಾಲ. ಅದರ ಹತ್ತಿರದ ಉಂಗುರ ನೀಹಾರಿಕೆ ಒರೆಸಿ ಬಿಟ್ಟ ಕಲೆಯ ಹಾಗೆ ಇತ್ತು, ನಡುವಿನ ತೂತು ಕಾಣಲೇ ಇಲ್ಲ. ಎಂಟು ತಿಂಗಳು ಉಜ್ಜಿದ್ದು ಆ ತೂತನ್ನು ನೋಡುವುದಕ್ಕೆ. ನೀನು ಮಕ್ಕಳಿಗೆ ಆಯುಧಪೂಜೆಯ ಕಥೆ ಹೇಳಿದೆ, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆಮೇಲೆ ನಾನೂ ಎಲ್ಲ ತರಬೇತಿಯಲ್ಲೂ, ಪ್ರತಿ ವರ್ಷದ ಒಂಬತ್ತನೇ ಕ್ಲಾಸಿನಲ್ಲೂ ಅದೇ ಕಥೆ ಹೇಳಿದೆ. ನಿನಗಿಂತ ಚೆನ್ನಾಗಿ, ಅತ್ತೆಯ ದನಿ ಅನುಕರಿಸಿ ಹೇಳುತ್ತಿದ್ದೆ. ಅದೇ ಕಥೆ ಈಗ ನಿನ್ನ ಆರನೆಯ ಅಧ್ಯಾಯ, ‘ವಿಭೂತಿ ಬಳಿದ ಕನ್ನಡಿ’.

ಈ ವರ್ಷ ಆಗಸ್ಟಿನಲ್ಲಿ ನಮ್ಮ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಆಪರೇಷನ್ ಆಗಿ ಬಂದವರಿಗೆ ಔಷಧಿ ಚೀಟಿ ಓದಿ ಹೇಳುವ ಕೆಲಸ ನನ್ನದು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಇನ್ನೊಂದರಲ್ಲಿ ಪೊರೆ ತುಂಬಿಕೊಂಡು ಕೂತಿದ್ದ ಒಬ್ಬ ಮುದುಕಿ ನನ್ನ ದನಿ ಕೇಳಿ ತಲೆಯೆತ್ತಿದರು. ಗುರುಬಸಮ್ಮನವರು! ಮೂಗೂರಿನ ಮಗಳ ಮನೆಗೆ ಬಂದವರು ಅಲ್ಲಿಂದಲೇ ಶಿಬಿರಕ್ಕೆ ಬಂದಿದ್ದರಂತೆ.

“ಯಾರವ್ವಾ ಅದು? ದನಿ ಗುರ್ತು ಸಿಕ್ತದೆ. ನಮ್ಮನೆ ಇತ್ಲಲ್ಲಿ ಗಾಜು ಉಜ್ತಿದ್ದ ಟೀಚರಮ್ಮ ಅಲ್ವಾ ನೀನು?”

“ಹೌದಮ್ಮ, ಸಂಘಮಿತ್ರಾ” ಎಂದೆ. ಕೈ ಚಾಚಿದರು, ಹಿಡಿದುಕೊಂಡೆ. ಬಿಡಲಿಲ್ಲ. ನಾನು ತಮಾಷೆಗೆ, “ಈ ಸಲದ ಆಯುಧಪೂಜೆಗೆ ನಿಮ್ಮ ಹೊಸ ಕಣ್ಣನ್ನ ತೊಳೆದುಬಿಡಬೇಡಿ ಮತ್ತೆ” ಎಂದೆ. ಅವರು ನಗಲಿಲ್ಲ.

“ಅಬ್ಬಕ್ಕಲ್ಲ ಕಣವ್ವ ತೊಳುದ್ದು” ಎಂದರು. “ಅಬ್ಬ ಇನ್ನಾ ಎಷ್ಟೋ ದಿನ ಇತ್ತು. ನೀನು ಒಳುಕ್ಕೆ ಬಂದ್ಬುಟ್ಟು ದ್ಯಾವ್ರು ಮುಂದ್ಲ ಮಣೆ ಮ್ಯಾಲೆ ಮಡುಗ್ದಲ್ಲ, ಅವತ್ತೇಯ. ನೀ ಬಸ್ಸಿಗ್ ಓದ ಗಳುಗ್ಗೆ ಮನೆ ಸಾರ್ಸಿ, ಅದ್ನೂ ಉಣ್ಸೆಅಣ್ಣು ಬೂದಿ ಆಕಿ ನಾನೇ ಉಜ್ದೆ. ಆಗ ಅಂಗೇ ಇದ್ದೆ ಕಣವ್ವ ನಾನು. ಆಮ್ಯಾಕೆ ಅದು ಕೆಟ್ಟೋಯ್ತು ಅಂದ್ರು. ಎಷ್ಟ್ ದಿನ ಉಜ್ಜಿದ್ಯೋ ಏನೋ ನೀನು. ಒಟ್ಟೆ ಉರೀತು. ಸೊಸೆ ಯಾರ್ ಮುಂದೂ ಆಡ್ಬ್ಯಾಡಿ ಅಂದ್ಲು, ಸುಮ್ಕಾದೆ.”

ಆಮೇಲೆ ಬಾಯಾರಿಕೆ ಎಂದರು. ನನ್ನ ಬಾಟಲಿ ಕೊಟ್ಟೆ, ಅದಕ್ಕೆ ಬಾಯಿ ಕಚ್ಚಿ ಕುಡಿದರು. ಅದನ್ನು ನೋಡಿ ನನಗೆ ಸಂತೋಷವಾಯಿತೆಂದು ನೀನು ನಿನ್ನ ಪುಸ್ತಕದಲ್ಲಿ ಬರೆಯಬಹುದು. ಆಗಲಿಲ್ಲ. ಆದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದರೆ ಅದೂ ಆಗಲಿಲ್ಲ. ಅವರು ಮಾಡಿದ್ದನ್ನು ಮಾಡಿದೆ ಎಂದರು. ನಾನು ಇನ್ನೊಂದು ಪ್ರಶ್ನೆ ಕೇಳಿದೆ, ಅದಕ್ಕೂ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಆ ಉತ್ತರವನ್ನು ಬರೆಯಲು ಈಗ ಕೈ ಬರುತ್ತಿಲ್ಲ.

ಮೂರು ವಾರ ಕಳೆದು ನಿನ್ನ ಕರಡು ಬಂತು, ಆಯುಧಪೂಜೆಯ ಕಥೆ ಹೊತ್ತುಕೊಂಡು.

ಆರನೆಯ ಅಧ್ಯಾಯದಲ್ಲಿ ನೀನು ಮಾಡಿರುವುದು ಏನು ಗೊತ್ತೇ? ಶುದ್ಧ ಮಾಡಿದ್ದನ್ನು ಪೂಜೆ ಎಂದೆ. ಮೂರು ವಾರದ ಅಂತರವನ್ನು ಅಳಿಸಿದೆ. ನಿಮ್ಮ ಅತ್ತೆಯನ್ನು ಊರವರು ನಗುವ ದಡ್ಡಿ ಮಾಡಿದೆ, ನನ್ನನ್ನು ಆ ನಗು ಹಂಚುವವಳನ್ನಾಗಿ ಮಾಡಿದೆ. ಈಗ ಅದರ ಕೆಳಗೆ ನನ್ನ ಸಹಿ ಬೇಕು. ‘ಸಂಘಮಿತ್ರಾ ಅವರೇ ಮುನ್ನುಡಿ ಬರೆದಿದ್ದಾರೆ’ ಎಂದು ಶಿಕ್ಷಕರ ಸಮಾವೇಶದಲ್ಲಿ ಮೈಕಿನ ಮುಂದೆ ಹೇಳಬೇಕು. ಮುಂದೆ ಯಾರಾದರೂ ಏನಾದರೂ ಕೇಳಿದರೆ ತೋರಿಸಲು ಒಂದು ರಸೀತಿ ಬೇಕು. ನನಗೆ ನಿನ್ನ ಮೇಲೆ ಅಸಹ್ಯವಾಗಿದೆ. ಇದಕ್ಕಿಂತ ಮೆತ್ತನೆಯ ಮಾತು ಹುಡುಕಿದೆ, ಸಿಗಲಿಲ್ಲ.

ಆದ್ದರಿಂದ ಹೀಗೆ ಮಾಡು. ಆ ಅಧ್ಯಾಯವನ್ನು ಪೂರ್ತಿ ತೆಗೆ, ಇಲ್ಲವೇ ತಾರೀಖಿನ ಸಮೇತ ನಡೆದದ್ದನ್ನು ನಡೆದ ಹಾಗೆ ಬರೆ. ಎರಡೂ ಆಗದಿದ್ದರೆ ಪುಸ್ತಕದಲ್ಲಿ ನನ್ನ ಹೆಸರು ಎಲ್ಲೂ ಬೇಡ, ‘ಸಹೋದ್ಯೋಗಿಯೊಬ್ಬರು’ ಕೂಡ ಬೇಡ. ನಾನಂತೂ ಸೋಮವಾರದಿಂದಲೇ ನನ್ನ ಒಂಬತ್ತನೇ ಕ್ಲಾಸಿನಲ್ಲಿ ಸರಿಯಾದ ಕಥೆ ಹೇಳುತ್ತೇನೆ. ಹಳೆಯದನ್ನು ಹನ್ನೆರಡು ವರ್ಷ ಹೇಳಿದ್ದೇನೆ, ಇದನ್ನು ಇನ್ನೂ ಹೆಚ್ಚು ವರ್ಷ ಹೇಳಬೇಕು.

ಕೆಂಪು ಪೆನ್ನಿನಲ್ಲಿ ತಿದ್ದಿದ ಕರಡನ್ನು ಇದರ ಜೊತೆಗೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ವಿಜ್ಞಾನದ ತಿದ್ದುಪಡಿಗಳನ್ನು ಧಾರಾಳವಾಗಿ ಬಳಸಿಕೋ, ಅವು ಮಕ್ಕಳಿಗಾಗಿ ಮಾಡಿದ್ದು. ಸಿಕ್ಕಿತೆಂದು ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ.

ಗುರುಬಸಮ್ಮನವರ ಇನ್ನೊಂದು ಕಣ್ಣಿನ ಆಪರೇಷನ್ನೂ ಚೆನ್ನಾಗಿ ಆಗಲಿ, ಇನ್ನು ಎಷ್ಟು ವರ್ಷ ಇರುತ್ತಾರೋ ಅಷ್ಟೂ ವರ್ಷ ಎಲ್ಲ ಸ್ಪಷ್ಟವಾಗಿ ಕಾಣಲಿ. ಅವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗಳಿಗೆ ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ಬರಲಿ, ಅವಳಿಗೆ ಒಬ್ಬಳಾದರೂ ನೇರವಾದ ಗೆಳತಿ ಸಿಗಲಿ. ನಿನಗೂ ಒಳ್ಳೆಯದಾಗಲಿ ಎಂದು ಬರೆಯಬೇಕು. ಬರೆದಿದ್ದೇನೆ.

ಇತಿ,
ಸಂಘಮಿತ್ರಾ

ಮರೆತ ಮಾತು: ಮರೆತಿರಲಿಲ್ಲ, ಬರೆಯದೆ ಬಿಡೋಣವೆಂದುಕೊಂಡಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ನಾನು ಗುರುಬಸಮ್ಮನವರನ್ನು ಕೇಳಿದ ಇನ್ನೊಂದು ಪ್ರಶ್ನೆ ಇದು: ನೀವು ತೊಳೆಯುವಾಗ ಅರ್ಪಿತಾ ಎಲ್ಲಿದ್ದಳು? ಅವರು ಹೇಳಿದರು, “ಇನ್ನೆಲ್ಲವ್ವ, ನನ್ ಪಕ್ದಲ್ಲೇ. ನಾ ಉಜ್ತಿದ್ದೆ, ಅವ್ಳು ತಂಬ್ಗೇಲಿ ನೀರುಯ್ತಿದ್ಲು, ಅನಿಅನಿಯಾಗಿ.”